ಮರದಡಿಯ ಅತಿಥಿಗಳು

ಕಲ್ಯಾಣ ನಗರದ ನಮ್ಮ ಮನೆಯ ನಡುಮನೆಯಲ್ಲಿ ಒಂದೇ ಚೌಕಟ್ಟಿನೊಳಗೆ ಎರಡು ಚಿತ್ರಗಳು ಅಕ್ಕಪಕ್ಕದಲ್ಲಿವೆ. ಎರಡೂ ಯಾವುದೋ ಇಂಗ್ಲಿಷ್ ಚಿತ್ರಕಲಾ ಪುಸ್ತಕದಿಂದ ಕಳಚಿಬಿದ್ದ ಹಾಳೆಗಳು. ದಂಡಿನ ಕಡೆಯ ಹಳೆಯ ಪುಸ್ತಕದಂಗಡಿಯೊಂದಕ್ಕೆ ಶಬ್ದಮಣಿದರ್ಪಣದ ಹಳೆಯ ಪ್ರತಿಯೊಂದನ್ನು ಹುಡುಕಿಕೊಂಡು ಹೋಗಿದ್ದೆ. ಅದು ಸಿಕ್ಕಲಿಲ್ಲ, ಇವು ಸಿಕ್ಕಿದವು. ಬಿಡಿಹಾಳೆಗಳಿಗೆ ಬೆಲೆ ಹೇಳುವುದಕ್ಕೆ ಅಂಗಡಿಯವನಿಗೇ ಸಂಕೋಚವಾಯಿತೆಂದು ತೋರುತ್ತದೆ, ಕೊಟ್ಟಷ್ಟು ತೆಗೆದುಕೊಂಡ.

ಮೊದಲನೆಯದು ಕಂದುಮಸಿಯಲ್ಲಿ ಬರೆದ ಚಿತ್ರ. ಒಂದು ಮರ; ಅದರ ಕೆಳಗೆ ನಾಲ್ವರು ವೃದ್ಧರು ನೆಲದ ಮೇಲೆ ದುಂಡಾಗಿ ಕುಳಿತಿದ್ದಾರೆ. ಗಡ್ಡ, ನಿಲುವಂಗಿ, ತಲೆಯುಡುಗೆ ನೋಡಿದರೆ ನಮ್ಮ ಕಡೆಯ ಸೂಫಿಗಳೆಂದು ಯಾರೂ ಹೇಳಬಹುದು. ಎರಡನೆಯದು ತಾಮ್ರದ ತಗಡಿನಿಂದ ತೆಗೆದ ಅಚ್ಚು. ಅದರಲ್ಲಿಯೂ ಮನೆಯ ಮುಂದೆ ಕೆಲವರು ನೆಲದ ಮೇಲೆ ದುಂಡಾಗಿ ಕುಳಿತಿದ್ದಾರೆ. ಆದರೆ ಇಲ್ಲಿ ಇಬ್ಬರಿಗೆ ರೆಕ್ಕೆಗಳಿವೆ. ಮನೆಯ ಯಜಮಾನ ಕೈಯಲ್ಲಿ ಹೂಜಿ ಹಿಡಿದು ಬಾಗಿದ್ದಾನೆ. ಬಾಗಿಲ ಮರೆಯಲ್ಲಿ ಒಬ್ಬ ಹೆಂಗಸು ನಿಂತಿದ್ದಾಳೆ.

ಕಟ್ಟು ಹಾಕಿಸುವುದಕ್ಕೆ ಶಿವಾಜಿನಗರಕ್ಕೆ ಒಯ್ದೆ. ಗಾಜು ಕೊಯ್ಯುತ್ತಿದ್ದ ಮುದುಕರು ಮೊದಲನೆಯ ಚಿತ್ರವನ್ನು ನೋಡಿ, "ಇವರು ಪೀರ್‌ಗಳು" ಎಂದರು. ಎರಡನೆಯದರ ಕೆಳಗಿದ್ದ ಇಂಗ್ಲಿಷ್ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿಕೊಂಡು, "ಇದು ಹಜರತ್ ಇಬ್ರಾಹಿಮರ ಮನೆ. ಮೇಹಮಾನರು ಬಂದಿದ್ದಾರೆ. ಆದರೆ ಅವರು ಊಟ ಮುಟ್ಟುವುದಿಲ್ಲ ಸ್ವಾಮಿ" ಎಂದರು. ಮುಟ್ಟುವುದಿಲ್ಲವೇಕೆ ಎಂದು ಕೇಳಿದೆ. "ಫರಿಸ್ತೆಗಳಿಗೆ ಹಸಿವೆ ಎಲ್ಲಿಯದು?" ಎಂದು ಮತ್ತೆ ಗಾಜಿನ ಕಡೆಗೆ ತಿರುಗಿದರು. ಚಿತ್ರವನ್ನು ಅರ್ಥಮಾಡಿಕೊಳ್ಳುವ ಕೆಲಸ ನನಗೆ ಅಂಟಿಕೊಂಡದ್ದು ಆ ಸಂಜೆ. ಕನ್ನಡದ ಮೇಷ್ಟ್ರಿಗೆ ಈ ಅಧಿಕಪ್ರಸಂಗ ಏಕೆ ಎಂದು ಕೇಳುವ ವಾಚಕರಿಗೆ ನನ್ನಲ್ಲಿ ಉತ್ತರವಿಲ್ಲ.

ಎರಡು ಚಿತ್ರಗಳನ್ನೂ ಬರೆದವನು ಒಬ್ಬನೇ: ಹಾಲೆಂಡಿನ ರೆಂಬ್ರಾಂಟ್. ೧೬೦೬ರಲ್ಲಿ ಲೈಡನ್ ಪಟ್ಟಣದಲ್ಲಿ ಗಿರಣಿಯವನ ಮಗನಾಗಿ ಹುಟ್ಟಿ ೧೬೬೯ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ತೀರಿಕೊಂಡ. ಭಾರತವಿರಲಿ, ಇಟಲಿಯ ಮುಖವನ್ನೂ ಅವನು ನೋಡಿದವನಲ್ಲ. ಆದರೂ ಮೊದಲನೆಯ ಚಿತ್ರದ ವೃದ್ಧರು ನಮ್ಮ ದೇಶದವರೇ. ಮೊಗಲರ ಕಾಲದ ಒಂದು ಚಿಕಣಿ ಚಿತ್ರವನ್ನು ಮುಂದಿಟ್ಟುಕೊಂಡು ರೆಂಬ್ರಾಂಟ್ ಅದನ್ನು ತನ್ನ ಲೇಖನಿಯಿಂದ ನಕಲು ಮಾಡಿದ. ಇಂಥ ನಕಲುಗಳನ್ನು ಅವನು ೧೬೫೬ರಿಂದ ೧೬೬೧ರವರೆಗಿನ ಅವಧಿಯಲ್ಲಿ ಬರೆದನೆಂದು ವಿದ್ವಾಂಸರು ಹೇಳುತ್ತಾರೆ. ೧೭೪೭ರಲ್ಲಿ ಜೊನಾಥನ್ ರಿಚರ್ಡ್‌ಸನ್ ಎಂಬ ಆಂಗ್ಲ ಚಿತ್ರಕಾರನ ಸಂಗ್ರಹ ಲಂಡನ್ನಿನಲ್ಲಿ ಹರಾಜಾದಾಗ ರೆಂಬ್ರಾಂಟ್ ಬರೆದ ಭಾರತೀಯ ಚಿತ್ರಗಳ ಪುಸ್ತಕವೊಂದು ಮಾರಾಟಕ್ಕೆ ಬಂತು; ಅದರಲ್ಲಿ ೨೫ ಚಿತ್ರಗಳಿದ್ದವು. ಈಗ ಉಳಿದಿರುವುದು ೨೩. ಷಹಜಹಾನ್, ದಾರಾ ಷುಕೋ, ಜಹಾಂಗೀರ್, ತೈಮೂರ್ ಇವರೆಲ್ಲ ಅಲ್ಲಿದ್ದಾರೆ. ದಖ್ಖನಿನ ಒಬ್ಬ ಸರದಾರನೂ ಇದ್ದಾನೆ. ನಾಲ್ವರು ವೃದ್ಧರ ಹಾಳೆ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಉಳಿದವು ಪ್ಯಾರಿಸ್, ಆಮ್‌ಸ್ಟರ್‌ಡಾಮ್, ಅಮೆರಿಕ ಎಂದು ಚೆದರಿಹೋಗಿವೆ. ೨೦೧೮ರಲ್ಲಿ ಲಾಸ್ ಏಂಜಲೀಸಿನ ಗೆಟ್ಟಿ ಮ್ಯೂಸಿಯಮ್ಮಿನವರು ಇವುಗಳಲ್ಲಿ ಬಹುಪಾಲನ್ನು ಒಂದೆಡೆ ಕೂಡಿಸಿ ಮೊಗಲ್ ಚಿತ್ರಗಳ ಪಕ್ಕದಲ್ಲಿಟ್ಟು ತೋರಿಸಿದರು.

ಮೂಲಚಿತ್ರದ ಗತಿ ಏನಾಯಿತು? ಅದರ ಕಥೆ ಇನ್ನೂ ವಿಚಿತ್ರ. ಆಸ್ಟ್ರಿಯದ ರಾಣಿ ಮರಿಯ ತೆರೇಸಳ ಕಾಲದಲ್ಲಿ, ವಿಯೆನ್ನದ ಷೋನ್‌ಬ್ರುನ್ ಅರಮನೆಯ ಒಂದು ಕೋಣೆಯನ್ನು ಸಿಂಗರಿಸುವುದಕ್ಕೆ ನಮ್ಮ ದೇಶದ ಚಿಕಣಿ ಚಿತ್ರಗಳನ್ನು ತಂದು, ಬೇಕಾದ ಕಡೆ ಕತ್ತರಿಸಿ, ಒಂದರ ತುಂಡನ್ನು ಇನ್ನೊಂದಕ್ಕೆ ಸೇರಿಸಿ, ಹೊನ್ನಿನ ಚೌಕಟ್ಟಿನೊಳಗೆ ಗೋಡೆಗೆ ಅಂಟಿಸಿದರು. ಮಾಡಿದ ಖರ್ಚಿನಿಂದ ಆ ಕೋಣೆಗೆ ಮಿಲಿಯನ್ ಕೋಣೆ ಎಂದೇ ಹೆಸರು. ಆ ಗೋಡೆಯಲ್ಲಿ ನಾಲ್ವರು ವೃದ್ಧರು ಇಂದಿಗೂ ಕುಳಿತಿದ್ದಾರೆ. ಜರ್ಮನ್ ವಿದ್ವಾಂಸ ಫ್ರೀಡ್ರಿಶ್ ಸಾರೆ ೧೯೦೪ರಲ್ಲಿ ರೆಂಬ್ರಾಂಟನ ಈ ನಕಲುಗಳನ್ನು ಕುರಿತು ಬರೆದ ಮೇಲೆ ಇವುಗಳ ಚರ್ಚೆ ಬೆಳೆಯಿತು. ರಾಣಿಯ ಕೆಲಸಗಾರರು ಕತ್ತರಿ ಹಿಡಿದರು. ರೆಂಬ್ರಾಂಟ್ ಲೇಖನಿ ಹಿಡಿದ. ಒಂದು ದೇಶದ ಚಿತ್ರ ಇನ್ನೊಂದು ದೇಶಕ್ಕೆ ಹೋದಾಗ ಆಗುವ ಎರಡು ಗತಿಗಳು ಇವು.

ಈ ಚಿತ್ರಗಳು ಆಮ್‌ಸ್ಟರ್‌ಡಾಮಿಗೆ ಹೋದದ್ದರಲ್ಲಿ ಪವಾಡವೇನೂ ಇಲ್ಲ. ೧೬೦೨ರಲ್ಲಿ ಹುಟ್ಟಿದ ಡಚ್ಚರ ಕಂಪೆನಿ ಸೂರತ್ತಿನಲ್ಲಿ ಕೋಠಿ ಹಾಕಿತ್ತು. ಮೆಣಸು, ನೀಲಿ, ಬಟ್ಟೆ ಹೋದ ಹಡಗಿನಲ್ಲಿ ಚಿತ್ರಗಳೂ ಹೋದವು. ರೆಂಬ್ರಾಂಟ್ ಬರೆಯಲು ಬಳಸಿದ ಕಾಗದವೂ ಪೂರ್ವದೇಶದಿಂದ ಹೋದ ದುಬಾರಿ ಕಾಗದವೇ. ಆದರೆ ನಾವು ಮರೆಯುವ ಮಾತೊಂದಿದೆ. ಈ ದಾರಿ ಒಮ್ಮುಖದ ದಾರಿಯಾಗಿರಲಿಲ್ಲ. ೧೫೮೦ರಲ್ಲಿ ಗೋವೆಯಿಂದ ಫತೇಪುರ ಸಿಕ್ರಿಗೆ ಹೋದ ಜೆಸುಯಿಟ್ ಪಾದ್ರಿಗಳು ಅಕ್ಬರನಿಗೆ ಆಂಟ್‌ವರ್ಪಿನಲ್ಲಿ ಅಚ್ಚಾದ ಬಹುಭಾಷಾ ಬೈಬಲ್ಲನ್ನು ಕೊಟ್ಟಿದ್ದರು. ಅದರೊಂದಿಗೆ ಯೂರೋಪಿನ ಅಚ್ಚುಚಿತ್ರಗಳೂ ಬಂದವು. ಮೊಗಲ್ ಚಿತ್ರಶಾಲೆಯವರು ಇವನ್ನು ಮುಂದಿಟ್ಟುಕೊಂಡು ಕೈ ಪಳಗಿಸಿಕೊಂಡರು. ಅಬುಲ್ ಹಸನ್ ಎಂಬ ಹುಡುಗ ೧೬೦೦ರಲ್ಲಿ, ತನ್ನ ಹದಿಮೂರನೆಯ ವರ್ಷದಲ್ಲಿ, ಜರ್ಮನಿಯ ಡ್ಯೂರರನ ಅಚ್ಚೊಂದರಿಂದ ಸಂತ ಯೋಹಾನನ ಆಕೃತಿಯನ್ನು ಮಾತ್ರ ಎತ್ತಿಕೊಂಡು ಮಸಿಯಲ್ಲಿ ಬರೆದ. ಶಿಲುಬೆಯ ಕೆಳಗೆ ಕೈಜೋಡಿಸಿ ನಿಂತು ದುಃಖಿಸುವ ಯೋಹಾನ. ಹುಡುಗ ಶಿಲುಬೆಯನ್ನು ಬಿಟ್ಟ, ದುಃಖವನ್ನು ಉಳಿಸಿಕೊಂಡ. ಆಕ್ಸ್‌ಫರ್ಡಿನಲ್ಲಿ ಅದು ಈಗಲೂ ಇದೆ. ಮುಂದೆ ಇದೇ ಅಬುಲ್ ಹಸನ್ ಜಹಾಂಗೀರನ ಆಸ್ಥಾನದ ಶ್ರೇಷ್ಠ ಚಿತ್ರಕಾರನಾದ.

ನಮ್ಮ ವಿಜಯಪುರದ ಮಾತನ್ನೂ ಇಲ್ಲಿ ಹೇಳಲೇಬೇಕು. ಹಾರ್ಲೆಮ್ ಪಟ್ಟಣದ ಕೊರ್ನೆಲಿಸ್ ಹೆಡಾ ಎಂಬ ಡಚ್ ಚಿತ್ರಕಾರ ಪರ್ಷಿಯ, ಗೋವೆಗಳನ್ನು ಸುತ್ತಿ ೧೬೧೦ರ ಹೊತ್ತಿಗೆ ಎರಡನೆಯ ಇಬ್ರಾಹಿಮ್ ಆದಿಲಶಹನ ಆಸ್ಥಾನ ಸೇರಿದ. ಸುಲ್ತಾನ ಕಟ್ಟಿಸಿದ ನವರಸಪುರದಲ್ಲಿ ಮನೆ ಮಾಡಿಕೊಂಡಿದ್ದು ೧೬೨೨ರಲ್ಲಿ ತೀರಿಕೊಂಡ. ರೆಂಬ್ರಾಂಟ್ ಲೈಡನ್ನಿನಲ್ಲಿ ಅಕ್ಷರ ತಿದ್ದುತ್ತಿದ್ದಾಗ ಅವನ ದೇಶದವನೊಬ್ಬ ಕನ್ನಡದ ನೆಲದಲ್ಲಿ ಕುಳಿತು ಒಬ್ಬ ಇಬ್ರಾಹಿಮನ ಉಪ್ಪುಂಡು ಚಿತ್ರ ಬರೆಯುತ್ತಿದ್ದ. ಇಬ್ರಾಹಿಮ್ ಎಂದರೆ ಅಬ್ರಹಾಮನೇ ಅಲ್ಲವೆ?

ಇನ್ನು ೧೬೫೬. ರೆಂಬ್ರಾಂಟನ ಬದುಕಿನಲ್ಲಿ ಅದು ಕೆಟ್ಟ ವರ್ಷ. ದೊಡ್ಡ ಮನೆ ಕೊಂಡಿದ್ದ, ಕಂಡದ್ದನ್ನೆಲ್ಲ ಕೊಂಡಿದ್ದ, ಸಾಲ ತೀರಲಿಲ್ಲ. ಜುಲೈ ತಿಂಗಳಲ್ಲಿ ನ್ಯಾಯಾಲಯದವರು ಬಂದು ಮನೆಯ ಸಾಮಾನುಗಳನ್ನು ೩೬೩ ಬಾಬ್ತುಗಳಾಗಿ ಪಟ್ಟಿಮಾಡಿದರು. ಆ ಪಟ್ಟಿಯಲ್ಲಿ ಅಪರೂಪದ ಚಿಕಣಿ ಚಿತ್ರಗಳು ತುಂಬಿದ ಸಂಪುಟವೊಂದು ಬರುತ್ತದೆ. ಅದು ಭಾರತದ ಚಿತ್ರಗಳದ್ದೇ ಇರಬೇಕೆಂದು ಹಲವು ವಿದ್ವಾಂಸರ ಮತ. ಎಲ್ಲವೂ ಹರಾಜಾಯಿತು; ೧೬೫೮ರಲ್ಲಿ ಮನೆಯೂ ಹೋಯಿತು. ಕೈಬಿಟ್ಟು ಹೋಗಲಿರುವ ಚಿತ್ರಗಳನ್ನು ಕೈಯಿಂದಲೇ ಉಳಿಸಿಕೊಳ್ಳೋಣವೆಂದು ನಕಲು ಬರೆದುಕೊಂಡನೆ? ಇದು ನನ್ನ ಊಹೆ. ಬರಹಗಾರರಿಗೆ ಈ ಊಹೆ ಸಹಜವಾಗಿ ಬರುತ್ತದೆ. ಹಿಂದಿರುಗಿಸಬೇಕಾದ ಪುಸ್ತಕದಿಂದ ರಾತ್ರಿಯೆಲ್ಲ ಕುಳಿತು ಪುಟಗಳನ್ನು ನಕಲು ಮಾಡಿಕೊಂಡ ವಿದ್ಯಾರ್ಥಿ ದಿನಗಳು ನನ್ನವೂ ಇವೆ.

ಅದೇ ೧೬೫೬ರ ತಾರೀಖು ನಮ್ಮ ಎರಡನೆಯ ಚಿತ್ರದ ಮೇಲಿದೆ. ಅಬ್ರಹಾಮ ಅತಿಥಿಗಳನ್ನು ಉಪಚರಿಸುವ ಈ ಅಚ್ಚಿನ ಕೂಟದ ಏರ್ಪಾಡು ನಾಲ್ವರು ವೃದ್ಧರ ಚಿತ್ರದಿಂದ ಬಂದದ್ದು. ಭಾರತದ ಸೂಫಿಗಳು ಕುಳಿತ ಜಾಗದಲ್ಲಿ ಬೈಬಲ್ಲಿನ ದೇವರೂ ದೇವದೂತರೂ ಬಂದು ಕುಳಿತರು.

ಕಥೆ ಸತ್ಯವೇದದ ಆದಿಕಾಂಡದ ೧೮ನೆಯ ಅಧ್ಯಾಯದಲ್ಲಿದೆ. ಬಿಸಿಲು ಏರಿದ ಹೊತ್ತು. ಅಬ್ರಹಾಮ ಮಮ್ರೆ ತೋಪಿನಲ್ಲಿ ತನ್ನ ಗುಡಾರದ ಬಾಗಿಲಲ್ಲಿ ಕುಳಿತಿದ್ದಾನೆ. ಕಣ್ಣೆತ್ತಿ ನೋಡಿದರೆ ಮೂವರು ನಿಂತಿದ್ದಾರೆ. ಓಡಿಹೋಗಿ ಅಡ್ಡಬೀಳುತ್ತಾನೆ, ಕಾಲು ತೊಳೆದುಕೊಂಡು ಮರದ ಕೆಳಗೆ ದಣಿವಾರಿಸಿಕೊಳ್ಳಿ ಎಂದು ಬೇಡುತ್ತಾನೆ. ಒಂದು ತುತ್ತು ಎಂದು ಹೇಳಿ, ಮೂರು ಅಳತೆ ಹಿಟ್ಟಿನ ರೊಟ್ಟಿ, ಎಳೆಯ ಕರು, ಬೆಣ್ಣೆ, ಹಾಲು ಎಲ್ಲವನ್ನೂ ತಂದಿಡುತ್ತಾನೆ. ನಮ್ಮ ಹಳ್ಳಿಗಳ ಹಿರಿಯರೂ ಹೀಗೆಯೇ. ಒಂದು ಲೋಟ ಮಜ್ಜಿಗೆ ಕುಡಿದು ಹೋಗಿ ಎಂದು ಕರೆದು ಎಲೆ ಹಾಕಿಸುತ್ತಾರೆ. ಊಟವಾದ ಮೇಲೆ ಅತಿಥಿ ಹೇಳುತ್ತಾನೆ: ನಿನ್ನ ಹೆಂಡತಿ ಸಾರಳಿಗೆ ಮಗ ಹುಟ್ಟುವನು. ಅಬ್ರಹಾಮನಿಗೆ ಆಗ ತೊಂಬತ್ತೊಂಬತ್ತು ವರ್ಷ, ಸಾರಳಿಗೆ ತೊಂಬತ್ತು. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ ಸಾರಳು ಮನಸ್ಸಿನಲ್ಲೇ ನಕ್ಕಳು. ಏಕೆ ನಕ್ಕಳೆಂದು ಅತಿಥಿ ಕೇಳಿದ. ನಗಲಿಲ್ಲವೆಂದಳು, ಹೆದರಿ. ಇಲ್ಲ, ನೀನು ನಕ್ಕೆ ಎಂದ. ಹುಟ್ಟಿದ ಮಗನ ಹೆಸರು ಇಸಾಕ. ಹೀಬ್ರೂ ಭಾಷೆಯಲ್ಲಿ ಆ ಹೆಸರಿನೊಳಗೇ ನಗು ಇದೆ.

ಕಟ್ಟು ಹಾಕಿದ ಮುದುಕರು ಹೇಳಿದ್ದು ಕುರಾನಿನ ಪಾಠ. ಅಲ್ಲಿ ಹೂದ್ ಎಂಬ ಅಧ್ಯಾಯದಲ್ಲಿ ಅತಿಥಿಗಳ ಕೈ ಸುಟ್ಟ ಕರುವಿನ ಮಾಂಸದ ಕಡೆಗೆ ಚಾಚುವುದಿಲ್ಲ. ಅದನ್ನು ನೋಡಿ ಇಬ್ರಾಹಿಮರಿಗೆ ಭಯವಾಗುತ್ತದೆ. ಮನೆಯಲ್ಲಿ ಉಣ್ಣದವನು ಶತ್ರುವಾಗಿರಬಹುದಲ್ಲ! ಅಲ್ಲಿಯೂ ನಿಂತಿದ್ದ ಹೆಂಡತಿ ನಗುತ್ತಾಳೆ; ಆದರೆ ಮಗನ ಸುದ್ದಿ ಬರುವುದು ನಕ್ಕ ಮೇಲೆ. ಬೈಬಲ್ಲಿನಲ್ಲಿ ಸುದ್ದಿ ಕೇಳಿ ನಗು, ಕುರಾನಿನಲ್ಲಿ ನಗುವಿನ ಹಿಂದೆ ಸುದ್ದಿ. ಪಾಠಾಂತರಗಳಲ್ಲಿ ದಿನ ಕಳೆಯುವ ನನ್ನಂಥವನಿಗೆ ಇಷ್ಟು ಸಿಕ್ಕಿದರೆ ಒಂದು ವಾರ ನಿದ್ದೆಯಿಲ್ಲ.

ಈ ಅತಿಥಿಗಳನ್ನು ಯೂರೋಪಿನವರು ಬಹಳ ಹಿಂದಿನಿಂದ ಚಿತ್ರಿಸುತ್ತ ಬಂದಿದ್ದಾರೆ. ಇಟಲಿಯ ರಾವೆನ್ನದಲ್ಲಿ ಆರನೆಯ ಶತಮಾನದ ಕಲ್ಲುಹರಳಿನ ಚಿತ್ರವಿದೆ. ಅಲ್ಲಿ ಮೂವರೂ ಮರದ ಕೆಳಗೆ ಮೇಜಿನ ಹಿಂದೆ ಸಾಲಾಗಿ ನಮ್ಮ ಕಡೆ ಮುಖಮಾಡಿ ಕುಳಿತಿದ್ದಾರೆ. ರಷ್ಯದ ರುಬ್ಲ್ಯೋವ್ ಬರೆದ ಪ್ರಸಿದ್ಧ ಚಿತ್ರದಲ್ಲಿಯೂ ಮೇಜಿದೆ. ಮೇಜು ಬಂದ ಕೂಡಲೆ ಊಟ ಪೂಜೆಯಾಗುತ್ತದೆ. ನೋಡುವವನು ಎದುರಿಗೆ ನಿಂತ ಭಕ್ತನಾಗುತ್ತಾನೆ. ರೆಂಬ್ರಾಂಟನೇ ೧೬೪೬ರಲ್ಲಿ ಇದೇ ಪ್ರಸಂಗದ ಸಣ್ಣ ತೈಲಚಿತ್ರವೊಂದನ್ನು ಬರೆದಿದ್ದ. ಅದರಲ್ಲಿ ದೇವದೂತನ ಮೈಯಿಂದಲೇ ಬೆಳಕು ಹೊಮ್ಮುತ್ತದೆ. ಇವನು ಸಾಮಾನ್ಯ ದಾರಿಹೋಕನಲ್ಲ ಎಂಬುದು ನೋಡಿದೊಡನೆ ಗೊತ್ತಾಗಿಬಿಡುತ್ತದೆ. ಹತ್ತು ವರ್ಷದ ಮೇಲೆ ಬರೆದ ಅಚ್ಚಿನಲ್ಲಿ ಆ ಬೆಳಕನ್ನು ನಂದಿಸಿಬಿಟ್ಟ. ನಡುವೆ ಕುಳಿತವನು ಬಿಳಿಗಡ್ಡದ ಒಬ್ಬ ಮುದುಕ, ಕೈಯಲ್ಲಿ ಬಟ್ಟಲು. ರೆಕ್ಕೆಗಳನ್ನು ಬೆರಳಿನಿಂದ ಮುಚ್ಚಿ ನೋಡಿದರೆ ನಮ್ಮ ಯಾವುದೋ ದರ್ಗಾದ ಕಟ್ಟೆ, ಯಾವುದೋ ಊರಿನ ಅಶ್ವತ್ಥಕಟ್ಟೆ.

ನನ್ನ ಮಟ್ಟಿಗೆ ಹೇಳುವುದಾದರೆ ರೆಂಬ್ರಾಂಟ್ ಭಾರತದಿಂದ ಎರವಲು ಪಡೆದದ್ದು ವೇಷವನ್ನಲ್ಲ, ಕುಳಿತುಕೊಳ್ಳುವ ಬಗೆಯನ್ನು. ಪೇಟ, ನಿಲುವಂಗಿ, ಕತ್ತಿಗಳನ್ನು ಅವನು ಎಷ್ಟೋ ಚಿತ್ರಗಳಲ್ಲಿ ಮೊದಲೇ ತುರುಕಿದ್ದ; ಅವೆಲ್ಲ ನಾಟಕದ ಪೆಟ್ಟಿಗೆಯ ಸಾಮಾನು. ಇಲ್ಲಿ ಆದದ್ದು ಬೇರೆ. ನೆಲದ ಮೇಲೆ ದುಂಡಾಗಿ ಕುಳಿತವರಲ್ಲಿ ಮೇಲು ಕೀಳಿಲ್ಲ. ಮುಖ ಮುಖದ ಕಡೆಗಿರುತ್ತದೆ, ಬೆನ್ನು ಲೋಕದ ಕಡೆಗೆ. ಬೈಬಲ್ಲಿನ ಈ ಅಧ್ಯಾಯವನ್ನು ಬಾಲ್ಯದಿಂದ ಕೇಳಿಕೊಂಡು ಬಂದವನಿಗೆ, ಆ ಮೂವರು ಹೇಗೆ ಕುಳಿತಿರಬಹುದೆಂಬುದನ್ನು ತಿಳಿಸಿಕೊಟ್ಟದ್ದು ಆ ಧರ್ಮಕ್ಕೆ ಸೇರದ, ಆ ದೇಶಕ್ಕೆ ಸೇರದ, ಹೆಸರು ಕೂಡ ಅವನಿಗೆ ತಿಳಿದಿರದ ಒಬ್ಬ ಕುಂಚಗಾರ.

ಮಸಿಯ ವಿಷಯ ಎರಡು ಮಾತು. ಆ ಕಾಲದ ಯೂರೋಪಿನ ಕಂದುಮಸಿಗಳಲ್ಲಿ ಒಂದು ಮಾಚಿಕಾಯಿ, ಅನ್ನಭೇದಿಗಳನ್ನು ಬೆರೆಸಿ ಮಾಡಿದ್ದು. ಇನ್ನೊಂದು ಸೌದೆಯ ಮಸಿಯಿಂದ ತೆಗೆದದ್ದು. ಐವತ್ತರ ವಯಸ್ಸಿನ ಹೊತ್ತಿಗೆ ರೆಂಬ್ರಾಂಟ್ ಹಕ್ಕಿಯ ಗರಿಯ ಜೊತೆಗೆ ಜೊಂಡಿನ ಲೇಖನಿಯನ್ನು, ಎಂದರೆ ನಮ್ಮ ಲೆಕ್ಕಣಿಕೆಯನ್ನು, ಹೆಚ್ಚಾಗಿ ಹಿಡಿಯತೊಡಗಿದ. ಜೊಂಡು ಮಸಿಯನ್ನು ಬಹಳ ಹೊತ್ತು ಹಿಡಿದಿಡುವುದಿಲ್ಲ. ಗೆರೆ ದಪ್ಪನಾಗಿ ಹೊರಟು ಕೊನೆಗೆ ಒಣಗಿ ತರಿತರಿಯಾಗುತ್ತದೆ. ಆ ಒಣಗುವಿಕೆಯಲ್ಲೇ ಭಾವವಿರುತ್ತದೆ. ಹಾರ್ಲೆಮ್ಮಿನ ಟೈಲರ್ ಮ್ಯೂಸಿಯಮ್ಮಿನಲ್ಲಿ ಅವನು ೧೬೪೨ರ ಸುಮಾರಿಗೆ ಬರೆದ ಒಂದು ಮಸಿಚಿತ್ರವಿದೆ: ಮನೆ ಬಿಟ್ಟುಹೋಗಿ ಎಲ್ಲವನ್ನೂ ಕಳೆದುಕೊಂಡು ಹಿಂದಿರುಗಿದ ದುಂದುಗಾರ ಮಗ ಮೊಳಕಾಲೂರಿದ್ದಾನೆ, ತಂದೆ ಬಾಗಿ ತಬ್ಬಿಕೊಂಡಿದ್ದಾನೆ. ತಂದೆಯ ಗೆರೆ ಎಲ್ಲಿ ಮುಗಿಯಿತು, ಮಗನ ಗೆರೆ ಎಲ್ಲಿ ಮೊದಲಾಯಿತು ಎಂದು ಬಿಡಿಸಿ ಹೇಳುವುದು ಕಷ್ಟ. ಇಂಥ ಬಿರುಸಿನ ಕೈ ಭಾರತದ ಚಿತ್ರಗಳ ಮುಂದೆ ಕುಳಿತಾಗ ಮಾತ್ರ ತಗ್ಗಿತು. ಆ ನಕಲುಗಳಲ್ಲಿ ಗೆರೆ ಸಣ್ಣ, ಕೈ ನಿಧಾನ. ಪರರ ಮನೆಯಲ್ಲಿ ದನಿ ತಗ್ಗಿಸಿ ಮಾತಾಡುವ ಮರ್ಯಾದಸ್ಥನ ರೀತಿ.

ಇನ್ನು ತಾಮ್ರದ ಅಚ್ಚು. ತಗಡಿನ ಮೇಲೆ ಮೇಣದ ಲೇಪವಿಟ್ಟು, ಸೂಜಿಯಿಂದ ಬರೆದು, ಆಮ್ಲದಲ್ಲಿ ಮುಳುಗಿಸಿದರೆ ಬರೆದಲ್ಲಿ ತಾಮ್ರ ತಿಂದುಹೋಗುತ್ತದೆ. ಆಮೇಲೆ ಮಸಿ ಬಳಿದು ಒರೆಸಿದರೆ ಗೆರೆಯ ತಗ್ಗಿನಲ್ಲಿ ಮಾತ್ರ ಮಸಿ ನಿಲ್ಲುತ್ತದೆ. ನಮ್ಮ ಓಲೆಗರಿಯ ಲಿಪಿಕಾರರಿಗೆ ಈ ಗುಟ್ಟು ಚೆನ್ನಾಗಿ ತಿಳಿದಿತ್ತು. ಕಂಟದಿಂದ ಕೊರೆದ ಗರಿಗೆ ಕಾಡಿಗೆ ಹಚ್ಚಿ ಒರೆಸುತ್ತಿದ್ದುದು ಇದೇ ತತ್ತ್ವದ ಮೇಲೆ. ಪಂಪನನ್ನು ನಮಗೆ ಉಳಿಸಿಕೊಟ್ಟದ್ದೂ ತಗ್ಗಿನಲ್ಲಿ ನಿಂತ ಮಸಿಯೇ.

ಇಷ್ಟು ಓದಿಕೊಂಡು ನಾನು ಪಂಡಿತನಾದೆನೆಂದು ಬೀಗುತ್ತಿದ್ದಾಗ ಚಿತ್ರವನ್ನು ಓದಿದವರು ನಮ್ಮ ಚಿಕ್ಕಮ್ಮ.

ಚಿಕ್ಕಮ್ಮನಿಗೆ ಈಗ ಎಂಬತ್ತು ದಾಟಿದೆ. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ಇನ್ನೊಂದು ಮದುವೆ ಮಾಡಿಕೊಂಡಾಗ, ಒಂದು ಟ್ರಂಕು ಹಿಡಿದುಕೊಂಡು ನಮ್ಮ ತಂದೆಯ ಮನೆಗೆ ಬಂದರು. ನನ್ನನ್ನು ಎತ್ತಿ ಆಡಿಸಿದವರು, ಅಕ್ಷರ ತಿದ್ದಿಸಿದವರು ಅವರು. ಚಿತ್ರ ತೂಗುಹಾಕಿದ ದಿನ ಹತ್ತಿರ ಹೋಗಿ ಬಹಳ ಹೊತ್ತು ನೋಡಿ, "ಅತ್ರಿ ಅನಸೂಯೆಯರ ಕಥೆ ಅಲ್ಲವೇನೋ?" ಎಂದರು. ನಾನು ನಕ್ಕೆ. ಆಮೇಲೆ ನಗು ನಿಂತಿತು. ಮೂವರು ಅತಿಥಿಗಳು, ಊಟ, ಮನೆಯೊಡತಿಯ ಪರೀಕ್ಷೆ, ಕೊನೆಗೆ ಮಗು. ಅತಿಥಿಗಳಾಗಿ ಬಂದ ತ್ರಿಮೂರ್ತಿಗಳೇ ಅನಸೂಯೆಯ ಮಡಿಲಲ್ಲಿ ಶಿಶುಗಳಾದರಲ್ಲ! ತಪ್ಪೇನು ಹೇಳಿದರು? ನಮ್ಮ ಕಡೆಯ ಇನ್ನೊಂದು ಕಥೆಯೂ ನೆನಪಾಯಿತು. ಜಂಗಮವೇಷದಲ್ಲಿ ಬಂದ ಶಿವ ಸಿರಿಯಾಳ ಚಾಂಗಳೆಯರನ್ನು ಅವರ ಒಬ್ಬನೇ ಮಗನ ಅಡಿಗೆಯನ್ನು ಬೇಡುತ್ತಾನೆ. ಅಬ್ರಹಾಮನ ಅತಿಥಿ ಮಗನನ್ನು ಕೊಟ್ಟ. ಕೆಲವು ಅಧ್ಯಾಯಗಳಾದ ಮೇಲೆ ಅದೇ ದೇವರು ಆ ಮಗನನ್ನು ಬಲಿ ಕೇಳಿದ. ಸಿರಿಯಾಳನ ಮಗನೂ ಉಳಿದ, ಇಸಾಕನೂ ಉಳಿದ. ಕೇಳಿದ್ದು ಮಾತ್ರ ಕೇಳಿದ್ದೇ. ನಮ್ಮ ಬಡಾವಣೆಗೆ ಹೆಸರು ಕೊಟ್ಟವರ ಮನಸ್ಸಿನಲ್ಲಿ ಹನ್ನೆರಡನೆಯ ಶತಮಾನದ ಕಲ್ಯಾಣ ಇತ್ತೋ ಇಲ್ಲವೋ. ಬಾಗಿಲಿಗೆ ಬಂದವನನ್ನು ಶಿವನೆಂದು ತಿಳಿಯಬೇಕೆಂಬ ಮಾತು ಎಷ್ಟು ಭಾರದ್ದೆಂಬುದು ಆ ಕಲ್ಯಾಣದವರಿಗೆ ಗೊತ್ತಿತ್ತು.

ಸಾರಳ ಕಥೆಯನ್ನು ಚಿಕ್ಕಮ್ಮನಿಗೆ ಹೇಳಿದೆ. ನಕ್ಕದ್ದು, ನಗಲಿಲ್ಲವೆಂದದ್ದು, ಸುಳ್ಳು ಸಿಕ್ಕಿಬಿದ್ದದ್ದು ಎಲ್ಲವನ್ನೂ ಹೇಳಿದೆ. ಅವರು ಸುಮ್ಮನೆ ಕೇಳಿ, "ಅವಳು ಸುಳ್ಳು ಹೇಳಲಿಲ್ಲ ಕಣೋ. ಅದು ನಗು ಅಲ್ಲ" ಎಂದರು.

ಮತ್ತೆ ಚಿತ್ರವನ್ನು ನೋಡಿದೆ. ಬಾಗಿಲ ಕತ್ತಲೆಯಲ್ಲಿ ಸಾರಳ ಮುಖಕ್ಕೆ ರೆಂಬ್ರಾಂಟ್ ಕೊಟ್ಟದ್ದು ಕೆಲವೇ ಗೆರೆಗಳನ್ನು. ನಗುವೆಂದರೆ ನಗು, ಅಲ್ಲವೆಂದರೆ ಅಲ್ಲ. ಅವನಿಗೂ ಮಕ್ಕಳ ವಿಷಯದಲ್ಲಿ ಸುಖವಿರಲಿಲ್ಲ. ಹೆಂಡತಿ ಸಾಸ್ಕಿಯಳಲ್ಲಿ ಹುಟ್ಟಿದ ನಾಲ್ಕು ಮಕ್ಕಳಲ್ಲಿ ಮೂರು ಹಸುಗೂಸಾಗಿಯೇ ಹೋದವು. ೧೬೪೨ರಲ್ಲಿ ಅವಳೂ ಹೋದಳು. ಉಳಿದ ಒಬ್ಬ ಮಗ ಟೈಟಸ್ ಕೂಡ ತಂದೆಗಿಂತ ಒಂದು ವರ್ಷ ಮುಂಚೆ, ೧೬೬೮ರಲ್ಲಿ, ತೀರಿಕೊಂಡ. ಚಿತ್ರಕಾರನ ಜೀವನವನ್ನು ಅವನ ಗೆರೆಗಳಿಗೆ ಹೊಸೆಯುವುದು ವಿಮರ್ಶೆಯ ದೃಷ್ಟಿಯಿಂದ ಅಪಾಯವೆಂದು ತರಗತಿಯಲ್ಲಿ ನಾನೇ ಹೇಳುತ್ತೇನೆ. ಆದರೂ ಈ ಮುಖದ ಮಟ್ಟಿಗೆ ನಾನು ಚಿಕ್ಕಮ್ಮನ ಪಕ್ಷ.

ನಮ್ಮ ಮನೆಯಿಂದ ಬಹಳ ದೂರವಿಲ್ಲದ ಹಚಿನ್ಸ್ ರಸ್ತೆಯಲ್ಲಿ ಕ್ಯಾಥೊಲಿಕರ ರಾಷ್ಟ್ರೀಯ ಬೈಬಲ್ ಕೇಂದ್ರವೊಂದಿದೆ. ೧೯೬೭ರಲ್ಲಿ ಡಿ. ಎಸ್. ಅಮಲೋರ್ಪವದಾಸ್ ಎಂಬ ಪಾದ್ರಿಗಳ ನೇತೃತ್ವದಲ್ಲಿ ಆರಂಭವಾದದ್ದು. ಕ್ರೈಸ್ತಪೂಜೆಯನ್ನು ಈ ನೆಲದ ರೀತಿಗೆ ಒಗ್ಗಿಸಬೇಕೆಂಬುದು ಅವರ ಹಂಬಲ. ೧೯೬೯ರಲ್ಲಿ ರೋಮಿನಿಂದ ಅದಕ್ಕೆ ಹನ್ನೆರಡು ಅಂಶಗಳ ಒಪ್ಪಿಗೆ ಬಂತು.

ಆ ಹನ್ನೆರಡರಲ್ಲಿ ಆರತಿ, ಅಂಜಲಿ, ದೀಪ ಎಲ್ಲ ಇವೆ. ಆದರೆ ನನ್ನ ಕಣ್ಣು ನಿಂತದ್ದು ಪೂಜೆಯ ವೇಳೆ ನೆಲದ ಮೇಲೆ ಕುಳಿತುಕೊಳ್ಳಬಹುದು, ಪಾದರಕ್ಷೆ ಕಳಚಿಡಬಹುದು ಎಂಬ ಅಂಶದ ಮೇಲೆ. ೧೮೦೯ರಲ್ಲಿ ದಂಡು ನೆಲೆಗೊಂಡಂದಿನಿಂದ ಈ ಕಡೆಯ ಇಗರ್ಜಿಗಳಿಗೆ ಬೆಂಚುಗಳು ಬಂದಿದ್ದವು, ಗೋಡೆಯ ಮೇಲೆ ಹೊಂಬಣ್ಣದ ಕೂದಲಿನ ಚಿತ್ರಗಳು ಬಂದಿದ್ದವು. ನೆಲದ ಮೇಲೆ ಕುಳಿತುಕೊಳ್ಳುವುದಕ್ಕೆ ಸಾವಿರಾರು ಮೈಲಿ ದೂರದಿಂದ ಅಪ್ಪಣೆ ತರಿಸಬೇಕಾಯಿತು! ಅದೂ, ರೆಂಬ್ರಾಂಟ್ ಅಬ್ರಹಾಮನ ಅತಿಥಿಗಳನ್ನು ನಮ್ಮವರಂತೆ ನೆಲಕ್ಕೆ ಕೂಡಿಸಿದ ೩೧೩ ವರ್ಷಗಳ ಮೇಲೆ. ಆಗ ಆ ಬದಲಾವಣೆಗಳನ್ನು ಮೆಚ್ಚಿದವರಿದ್ದಂತೆ ಕೆರಳಿದವರೂ ಇದ್ದರು. ಕೇಂದ್ರದ ಪ್ರಾರ್ಥನಾಮಂದಿರದ ಕಲಾಕೆಲಸದಲ್ಲಿ ಜ್ಯೋತಿ ಸಾಹಿಯವರ ಕೈ ಇದೆ. ೧೯೪೪ರಲ್ಲಿ ಪುಣೆಯಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಕಲೆ ಕಲಿತು, ಬೆಂಗಳೂರಿನ ಉತ್ತರಕ್ಕಿರುವ ಸಿಲ್ವೆಪುರ ಗ್ರಾಮದಲ್ಲಿ ನೆಲಸಿದ ಚಿತ್ರಕಾರರು ಅವರು. ಬೈಬಲ್ಲಿನ ಪ್ರಸಂಗಗಳಲ್ಲಿ ಈ ನೆಲದ ಮರ, ಬೀಜ, ಸರ್ಪ, ನೀರುಗಳನ್ನು ಹುಡುಕುವುದು ಅವರ ದಾರಿ. ಅದು ನನಗೆ ಹಿಡಿಸುತ್ತದೆ. ಏಸುವಿಗೆ ಕಾವಿ ಉಡಿಸಿ, ಕಾಲಡಿ ಒಂದು ತಾವರೆಯಿಟ್ಟು, ಭಾರತೀಯವಾಯಿತೆಂದು ಕೈತೊಳೆದುಕೊಳ್ಳುವ ಕ್ಯಾಲೆಂಡರಿನ ಚಿತ್ರಗಳು ಹಿಡಿಸುವುದಿಲ್ಲ. ಅವು ಮತ್ತೆ ನಾಟಕದ ಪೆಟ್ಟಿಗೆಯ ಸಾಮಾನೇ. ಪೆಟ್ಟಿಗೆ ಬೇರೆ, ಅಷ್ಟೆ.

ಒಂದು ಆಕೃತಿಯ ವಿಷಯ ಇನ್ನೂ ಹೇಳಲಿಲ್ಲ. ಅಚ್ಚಿನಲ್ಲಿ ಅತಿಥಿಗಳ ಹಿಂದೆ, ಅವರಿಗೆ ಬೆನ್ನು ಮಾಡಿ, ಗೋಡೆಯ ಮೇಲೆ ಬಾಗಿ ಬಿಲ್ಲು ಹಿಡಿದ ಹುಡುಗನೊಬ್ಬನಿದ್ದಾನೆ. ಮೊದಮೊದಲು ನಾನು ಅವನನ್ನು ಗಮನಿಸಿಯೇ ಇರಲಿಲ್ಲ. ಆದಿಕಾಂಡದ ಆ ಅಧ್ಯಾಯದಲ್ಲಿ ಅವನ ಸುಳಿವೇ ಇಲ್ಲ. ರೆಂಬ್ರಾಂಟ್ ತಾನಾಗಿ ತಂದು ನಿಲ್ಲಿಸಿದವನು. ಅವನು ಇಷ್ಮಾಯೇಲ. ಸಾರಳಿಗೆ ಮಕ್ಕಳಾಗದಿದ್ದಾಗ ಅವಳೇ ಮುಂದೆ ನಿಂತು ದಾಸಿ ಹಾಗರಳನ್ನು ಗಂಡನಿಗೆ ಒಪ್ಪಿಸಿದ್ದಳು. ಅವಳಲ್ಲಿ ಹುಟ್ಟಿದ ಮಗ. ಅತಿಥಿಗಳು ಹೇಳುತ್ತಿರುವ ಶುಭವಾರ್ತೆ ಈ ಹುಡುಗನಿಗೆ ಶುಭವಲ್ಲ. ಇಸಾಕ ಹುಟ್ಟಿದ ಮೇಲೆ ತಾಯಿಮಕ್ಕಳಿಬ್ಬರನ್ನೂ ಅಡವಿಗೆ ಕಳಿಸುತ್ತಾರೆ. ಅಲ್ಲಿ ಬೆಳೆದು ಅವನು ಬಿಲ್ಲುಗಾರನಾಗುತ್ತಾನೆ. ಬಿಲ್ಲನ್ನು ರೆಂಬ್ರಾಂಟ್ ಮುಂಚೆಯೇ ಅವನ ಕೈಗೆ ಕೊಟ್ಟಿದ್ದಾನೆ. ಅರಬರು ತಮ್ಮ ಮೂಲಪುರುಷನೆಂದು ಎಣಿಸುವುದು ಇವನನ್ನೇ. ಮುಸಲ್ಮಾನ ಸಂತರ ಚಿತ್ರದಿಂದ ಕೂಟವನ್ನು ಎರವು ತಂದವನು ಇಷ್ಮಾಯೇಲನನ್ನು ಹೊರಗೆ ಬಿಡಲಿಲ್ಲವೆಂಬುದು ಕಾಕತಾಳೀಯವೋ ಏನೋ. ನನಗೆ ಹಾಗೆ ತೋರುವುದಿಲ್ಲ. ಮುಂದಿನ ಬಾರಿ ಆ ಕಡೆ ಹೋದಾಗ ಗಾಜಿನ ಅಂಗಡಿಯ ಮುದುಕರಿಗೆ ಇದನ್ನು ಹೇಳಬೇಕು.

ಹುಡುಗನನ್ನು ನನಗೆ ತೋರಿಸಿದವರೂ ಚಿಕ್ಕಮ್ಮನೇ. ಮೊನ್ನೆ ಭಾನುವಾರ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಚಿತ್ರದ ಮುಂದೆ ನಿಂತು, "ಇವನು ಯಾರ ಮಗ?" ಎಂದು ಕೇಳಿದರು. ಇನ್ನೊಬ್ಬಳ ಮಗನೆಂದು ಹೇಳಿದೆ. ಅವರು ಮಾತಾಡಲಿಲ್ಲ. ಕುಳಿತು ಅನ್ನ ಕಲಸುವಾಗ, "ಅವನಿಗೂ ಬಡಿಸಿದರಂತೋ?" ಎಂದರು.

ಆ ದಿನದ ಮಾತು ಸತ್ಯವೇದದಲ್ಲಿಲ್ಲವೆಂದೆ. ಮನೆ ಬಿಡಿಸಿದ ದಿನ ಅಬ್ರಹಾಮ ಬೆಳಗ್ಗೆ ಎದ್ದು ತಾಯಿಯ ಹೆಗಲಿಗೆ ರೊಟ್ಟಿಯನ್ನೂ ಒಂದು ತಿತ್ತಿ ನೀರನ್ನೂ ಏರಿಸಿ ಕಳಿಸಿದನೆಂದು ಬರೆದಿದೆ ಎಂದೆ.

"ಎಷ್ಟು ದಿನಕ್ಕೆ ಬರುತ್ತೆ ಒಂದು ತಿತ್ತಿ?" ಎಂದು ಕೇಳಿ, ನನ್ನ ಎಲೆಗೆ ಹುಳಿ ಬಡಿಸುವಂತೆ ಒಳಗೆ ಕೂಗಿದರು.